ತೀರ ಉಳಿಸಲು ಕಡಲ ತಳದ ಮರಳು: ಅಮೆರಿಕದ ಪರಿಸರ ಪರಿಶೀಲನೆ ಕೇಳುವ ಪ್ರಶ್ನೆಗಳು

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ರೈಟ್ಸ್‌ವಿಲ್ ಬೀಚ್ ಎಂಬ ಪುಟ್ಟ ಕಡಲತೀರದ ಪಟ್ಟಣವಿದೆ. ಕಡಲ್ಕೊರೆತದಿಂದ ಸವೆಯುವ ಇದರ ತೀರಕ್ಕೆ 1965ರಿಂದ ಕೆಲವು ವರ್ಷಗಳಿಗೊಮ್ಮೆ ಹೊಸ ಮರಳು ತುಂಬಲಾಗುತ್ತಿದೆ. ಈ ಮರಳು ಬರುತ್ತಿದ್ದುದು ಪಕ್ಕದ ಮೇಸನ್‌ಬರೊ ಅಳಿವೆಯಿಂದ. ಆದರೆ 2021ರಲ್ಲಿ ಒಳಾಡಳಿತ ಇಲಾಖೆಯು 1982ರ ಕರಾವಳಿ ತಡೆದಿಬ್ಬಗಳ ಸಂರಕ್ಷಣಾ ಕಾನೂನಿಗೆ ನೀಡಿದ ವ್ಯಾಖ್ಯಾನದಿಂದ ಈ ವ್ಯವಸ್ಥೆಗೆ ತಡೆ ಬಿತ್ತು. ಸಂರಕ್ಷಿತ ವಲಯದಿಂದ ಮರಳೆತ್ತಿ ಹೊರಗಿನ ತೀರಕ್ಕೆ ಸುರಿಯಲು ಕೇಂದ್ರದ ಹಣ ಬಳಸುವಂತಿಲ್ಲ ಎಂಬುದು ಆಗ ಇಲಾಖೆಯ ನಿಲುವಾಗಿತ್ತು.

ಹೀಗಾಗಿ ಸೇನೆಯ ಎಂಜಿನಿಯರುಗಳ ದಳ ಅಳಿವೆಯನ್ನು ಬಿಟ್ಟು ಹೊರಗಡಲಿನತ್ತ ದೃಷ್ಟಿ ಹರಿಸಿತು. ಅಲ್ಲಿ ಸಮೀಕ್ಷೆ ನಡೆಸಿದಾಗ ಮರಳಿನೊಂದಿಗೆ ಕಂಡದ್ದು ಹಳೆಯ ಟೈರುಗಳು. ಮೀನುಗಳಿಗೆ ಆಸರೆಯಾಗಲೆಂದು 1970-80ರ ದಶಕಗಳಲ್ಲಿ ಈ ರಾಜ್ಯದ ಕಡಲಿನಲ್ಲಿ ಟೈರುಗಳನ್ನು ಮುಳುಗಿಸಿ ಕೃತಕ ದಿಬ್ಬಗಳನ್ನು ನಿರ್ಮಿಸಲಾಗಿತ್ತು. ಕಟ್ಟು ಬಿಚ್ಚಿಕೊಂಡ ಟೈರುಗಳು ತಳದಲ್ಲೆಲ್ಲ ಚದುರಿಹೋಗಿದ್ದವು. 2022ರಲ್ಲಿ ಆಗಬೇಕಿದ್ದ ಕಾಮಗಾರಿ ಮುಂದಕ್ಕೆ ಹೋಯಿತು. ಕೊನೆಗೆ ಹಳೆಯ ಅಳಿವೆಯ ಮರಳನ್ನೇ ಬಳಸಲು ಅವಕಾಶ ದೊರೆತು, 2024ರ ಆರಂಭದಲ್ಲಿ ತೀರ ತುಂಬಿತು. ಅಳಿವೆಯನ್ನು ಕಾಯಲು ಹೊರಟ ಕಾನೂನು ಅಗೆತವನ್ನು ಹೊರಗಡಲಿಗೆ ತಳ್ಳಿತು, ಹೊರಗಡಲಿನ ಕಸ ಅದನ್ನು ಮತ್ತೆ ಅಳಿವೆಗೇ ಮರಳಿಸಿತು!

ಉಳ್ಳಾಲ, ಮರವಂತೆಗಳಲ್ಲಿ ಮಳೆಗಾಲ ಬಂತೆಂದರೆ ಲಾರಿಗಟ್ಟಲೆ ಬಂಡೆ ತಂದು ಸುರಿಯುವುದನ್ನು ಕಂಡ ಕರಾವಳಿಯ ಜನರಿಗೆ ಮರಳು ಸುರಿಯುವ ಈ ವಿಧಾನ ವಿಚಿತ್ರವೆನಿಸಬಹುದು. ಕಲ್ಲಿನ ಗೋಡೆ ಹಿಂಬದಿಯ ಮನೆಯನ್ನು ಕಾದರೂ ಮುಂದಿನ ತೀರವನ್ನು ಕಾಯುವುದಿಲ್ಲ, ಪಕ್ಕದ ಊರಿನ ಕೊರೆತವನ್ನು ಹೆಚ್ಚಿಸುವುದೂ ಉಂಟು. ಮರಳಾದರೋ ಅಲೆಯ ಹೊಡೆತವನ್ನು ತಾನೇ ನುಂಗಿ ಕರಗುತ್ತದೆ. ಕರಗುವುದು ಅದರ ಕೆಲಸವೇ ಆದ್ದರಿಂದ ಮತ್ತೆ ಮತ್ತೆ ತುಂಬಬೇಕು. ಆ ಮರಳು ಎಲ್ಲಿಂದ ಬರಬೇಕು ಎಂಬಲ್ಲಿಂದ ತಕರಾರು ಆರಂಭವಾಗುತ್ತದೆ.

ಅಮೆರಿಕದಲ್ಲಿ ದಡದಿಂದ ಸಾಮಾನ್ಯವಾಗಿ ಮೂರು ನಾಟಿಕಲ್ ಮೈಲಿಯವರೆಗಿನ ಕಡಲ ತಳ ಆಯಾ ರಾಜ್ಯಕ್ಕೆ ಸೇರಿದ್ದು, ಅದರಾಚೆಗಿನದು ಕೇಂದ್ರದ್ದು. ಟೆಕ್ಸಾಸ್ ಮತ್ತು ಫ್ಲೋರಿಡಾದ ಪಶ್ಚಿಮ ಕರಾವಳಿಗೆ ಮಾತ್ರ ಈ ಗಡಿ ಒಂಬತ್ತು ನಾಟಿಕಲ್ ಮೈಲಿ. ಕೇಂದ್ರದ ಪಾಲಿನ ಮರಳನ್ನು ತೀರ ರಕ್ಷಣೆಗೆ ಹರಾಜಿಲ್ಲದೆ, ಒಪ್ಪಂದದ ಮೂಲಕ ಕೊಡಲು 1994ರ ಕಾನೂನು ತಿದ್ದುಪಡಿ ಅವಕಾಶ ನೀಡಿತು. ಒಳಾಡಳಿತ ಇಲಾಖೆಯ ಅಧೀನದ ಸಾಗರ ಇಂಧನ ನಿರ್ವಹಣಾ ಸಂಸ್ಥೆ ಈ ಒಪ್ಪಂದಗಳನ್ನು ನೋಡಿಕೊಳ್ಳುತ್ತದೆ. ಆದರೆ ಸಹಿ ಬೀಳುವ ಮುನ್ನ 1970ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಡಿ ಪರಿಶೀಲನೆ ನಡೆಯಲೇಬೇಕು. ಮೊದಲು ಪ್ರಾಥಮಿಕ ಅಧ್ಯಯನ. ಗಮನಾರ್ಹ ಪರಿಣಾಮವಿಲ್ಲವೆಂದು ಕಂಡುಬಂದರೆ ಅಲ್ಲಿಗೇ ಮುಕ್ತಾಯ, ಇದೆಯೆಂದಾದರೆ ವಿಸ್ತೃತ ವರದಿ. ಈ ಕಾಯ್ದೆ ಯೋಜನೆಯನ್ನು ನಿಷೇಧಿಸುವುದಿಲ್ಲ, ತಿಳಿದು ನಿರ್ಧರಿಸಬೇಕೆಂದು ಅಧಿಕಾರಿಗಳನ್ನು ಕಟ್ಟಿಹಾಕುತ್ತದೆ, ಅಷ್ಟೆ. ಹಲ್ಲು ಇರುವುದು ಅದರ ಜೊತೆಗೆ ಅನ್ವಯವಾಗುವ ಇತರ ಕಾನೂನುಗಳಿಗೆ.

ಅವುಗಳಲ್ಲಿ ಅಳಿವಿನಂಚಿನ ಜೀವಿಗಳ 1973ರ ಕಾಯ್ದೆ ಪ್ರಮುಖವಾದುದು. ಹೊರಗಡಲಿನಲ್ಲಿ ಮರಳೆತ್ತುವ ಹಡಗು ತನ್ನ ಪಕ್ಕಗಳಿಂದ ದಪ್ಪ ಕೊಳವೆಗಳನ್ನು ತಳಕ್ಕಿಳಿಸಿ, ನೆಲ ಗುಡಿಸುವ ಯಂತ್ರದಂತೆ ಮರಳು-ನೀರನ್ನು ಒಟ್ಟಿಗೆ ಹೀರಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ತಳದಲ್ಲಿ ವಿಶ್ರಮಿಸುವ ಕಡಲಾಮೆಗೆ ಆ ಹೀರುಬಾಯಿಯಿಂದ ತಪ್ಪಿಸಿಕೊಳ್ಳುವ ವೇಗವಿಲ್ಲ. 1980ರಲ್ಲಿ ಫ್ಲೋರಿಡಾದ ಕೆನವೆರಲ್ ಬಂದರಿನ ಹಡಗು ಕಾಲುವೆಯ ಹೂಳೆತ್ತುವಾಗ 71 ಕಡಲಾಮೆಗಳು ಹೀಗೆ ಸತ್ತವು. ಆ ಬಳಿಕ ಹೀರುಬಾಯಿಯ ಮುಂದೆ ನೇಗಿಲಿನಂತೆ ಮರಳನ್ನು ಸರಿಸುತ್ತ ಆಮೆಯನ್ನು ಬದಿಗೆ ತಳ್ಳುವ ಉಕ್ಕಿನ ತಡೆ ಬಂತು, ಹಡಗಿನಲ್ಲಿ ವೀಕ್ಷಕರು ಬಂದರು, ಆಮೆಗಳು ವಿರಳವಾಗಿರುವ ಚಳಿಗಾಲದಲ್ಲೇ ಕೆಲಸ ಮುಗಿಸುವ ಪದ್ಧತಿಯೂ ಬಂತು.

ಚಳಿಗಾಲದ ಈ ಕಟ್ಟುಪಾಡನ್ನು ಆಗ್ನೇಯ ಕರಾವಳಿಯಲ್ಲಿ 2020ರ ಜೈವಿಕ ಅಭಿಪ್ರಾಯ ಸಡಿಲಿಸಿತು. ಅದಕ್ಕೂ ಒಂದು ಕಾರಣವಿದೆ. ಚಳಿಗಾಲದಲ್ಲೇ ಜಾರ್ಜಿಯಾ-ಫ್ಲೋರಿಡಾ ಕಡಲಿಗೆ ಮರಿ ಹಾಕಲು ಬರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಇಂದು ನಾನೂರಕ್ಕಿಂತಲೂ ಕಡಿಮೆ ಉಳಿದಿವೆ. ಹಡಗಿನ ಡಿಕ್ಕಿ ಅವುಗಳ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ಆಮೆಗೆ ಹಿತವಾದ ತಿಂಗಳು ತಿಮಿಂಗಿಲಕ್ಕೆ ಅಪಾಯ, ತಿಮಿಂಗಿಲಕ್ಕೆ ಹಿತವಾದದ್ದು ಆಮೆಗೆ. ಜಾರ್ಜಿಯಾದ ಬ್ರನ್ಸ್‌ವಿಕ್ ಬಂದರಿನ ಬೇಸಿಗೆ ಹೂಳೆತ್ತುವಿಕೆಯ ವಿರುದ್ಧ ಪರಿಸರವಾದಿಗಳು ದಾವೆ ಹೂಡಿ 2021ರಲ್ಲಿ ತಾತ್ಕಾಲಿಕ ತಡೆಯಾಜ್ಞೆ ಪಡೆದರು. ಬಂದರಿನ ಕಾಲುವೆಯಾಗಲಿ ತೀರ ತುಂಬುವ ಮರಳಾಗಲಿ, ಹೀರುವ ಹಡಗು ಒಂದೇ ಬಗೆಯದಾದ್ದರಿಂದ ಈ ವ್ಯಾಜ್ಯ ಎರಡಕ್ಕೂ ಸಂಬಂಧಿಸಿದ್ದು.

ಎತ್ತುವ ಸ್ಥಳದಷ್ಟೇ ಸುರಿಯುವ ಮರಳಿನ ಗುಣವೂ ಮುಖ್ಯ. ಕಣ ತೀರಾ ಸಣ್ಣದಾದರೆ ಬೇಗ ಕೊಚ್ಚಿಹೋಗುತ್ತದೆ. ಗಟ್ಟಿಯಾಗಿ ಕೂತರೆ ಆಮೆಗೆ ಗೂಡು ತೋಡಲಾಗದು. ಬಣ್ಣ ಕಪ್ಪಾದರೆ ಬಿಸಿಲನ್ನು ಹೆಚ್ಚು ಹೀರುತ್ತದೆ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣತೆಯೇ ನಿರ್ಧರಿಸುವುದರಿಂದ ಹೆಣ್ಣುಮರಿಗಳ ಪ್ರಮಾಣ ಏರುತ್ತದೆ. ಆದ್ದರಿಂದಲೇ ಕಡಲ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಮಾದರಿ ತೆಗೆದು, ಮೂಲ ತೀರದ ಮರಳಿನೊಂದಿಗೆ ಕಣಗಾತ್ರವನ್ನೂ ಬಣ್ಣವನ್ನೂ ಹೋಲಿಸಲಾಗುತ್ತದೆ.

ಮೀನುಗಾರರ ಆತಂಕ ಬೇರೆಯದು. ಕಡಲೊಳಗಿನ ಮರಳ ದಿಬ್ಬಗಳು ಬರಡು ನೆಲವಲ್ಲ. ಹುಳು, ಚಿಪ್ಪುಜೀವಿ, ಏಡಿಗಳಿರುವ ಆ ದಿಬ್ಬಗಳಲ್ಲಿ ಮೀನು ಮೇಯುತ್ತದೆ. ಒಮ್ಮೆ ಕೆರೆದ ನೆಲದಲ್ಲಿ ತಳಜೀವಿಗಳು ಒಂದೆರಡು ವರ್ಷಗಳಲ್ಲಿ ಮರಳಿದರೂ ಮೊದಲಿದ್ದ ಜಾತಿಗಳೇ ಅದೇ ಪ್ರಮಾಣದಲ್ಲಿ ಬಾರದಿರಬಹುದು. ಆಳವಾದ ಹೊಂಡ ತೋಡಿದರೆ ಅದರಲ್ಲಿ ಕೆಸರು ತುಂಬಿ ಆಮ್ಲಜನಕ ಕುಗ್ಗುತ್ತದೆ. ಅದಕ್ಕಾಗಿ ತೆಳುವಾಗಿ, ವಿಶಾಲವಾಗಿ ಕೆರೆಯುವ, ನಡುನಡುವೆ ಪಟ್ಟಿಗಳನ್ನು ಮುಟ್ಟದೆ ಬಿಡುವ ಸಲಹೆಗಳಿವೆ. ದಿಬ್ಬ ತಗ್ಗಿದರೆ ಅಲೆಯ ದಿಕ್ಕು ಬದಲಾಗಿ ಬೇರೊಂದು ತೀರದ ಕೊರೆತ ಹೆಚ್ಚುವ ಸಾಧ್ಯತೆಯನ್ನೂ ಲೆಕ್ಕ ಹಾಕಬೇಕು. ಒಂದೇ ಕಾಮಗಾರಿಯ ಮಟ್ಟಿಗೆ ನೋಡಿದಾಗ ಹಾನಿ ಅಲ್ಪವೆಂದು ಕಾಣುವುದು ಸಹಜ. ಅದೇ ದಿಬ್ಬಕ್ಕೆ ಐದಾರು ವರ್ಷಗಳಿಗೊಮ್ಮೆ ಹಡಗು ಮರಳಿ ಬಂದಾಗ ಒಟ್ಟು ಪರಿಣಾಮವೇನು ಎಂಬುದೇ ಈ ವರದಿಗಳ ದುರ್ಬಲ ಭಾಗ.

ತಳದಲ್ಲಿ ಮನುಷ್ಯ ಬಿಟ್ಟುಹೋದದ್ದನ್ನು ಗುರುತಿಸಲು ಕಾಂತಮಾಪಕ ಹಾಗೂ ಶಬ್ದತರಂಗದ ಉಪಕರಣಗಳಿಂದ ಶೋಧಿಸಲಾಗುತ್ತದೆ. ಹಳೆಯ ಹಡಗಿನ ಅವಶೇಷದ ಸುಳಿವು ಸಿಕ್ಕರೆ ಸುತ್ತ ನಿಷಿದ್ಧ ವಲಯ ಬಿಡಬೇಕು. ಈ ಶೋಧದ ಕಣ್ಣು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನ್ಯೂಜೆರ್ಸಿಯ ಸರ್ಫ್ ಸಿಟಿ ಉದಾಹರಣೆ. 2007ರಲ್ಲಿ ಅಲ್ಲಿ ಹೊಸದಾಗಿ ತುಂಬಿದ ಮರಳಿನಲ್ಲಿ ಮೊದಲ ಮಹಾಯುದ್ಧ ಕಾಲದ ಮದ್ದುಗುಂಡಿನ ಭಾಗಗಳು ಪತ್ತೆಯಾದವು. ಹಿಂದೆಂದೋ ಕಡಲಿಗೆ ಎಸೆದಿದ್ದ ಅವನ್ನು ಹಡಗು ಮರಳಿನೊಂದಿಗೇ ಹೀರಿ ತೀರಕ್ಕೆ ತಂದಿತ್ತು. ತೀರ ಮುಚ್ಚಿ, ಜರಡಿ ಹಿಡಿದು ಹೆಕ್ಕಿದಾಗ ಸಿಕ್ಕ ತುಣುಕುಗಳು ಸಾವಿರಕ್ಕೂ ಹೆಚ್ಚು. ಅಂಥ ಶಂಕೆಯಿರುವ ಕಡೆಗಳಲ್ಲಿ ಈಗ ಹೀರುಬಾಯಿಗೇ ಜಾಲರಿ ಅಳವಡಿಸಲಾಗುತ್ತದೆ.

ಪರಿಶೀಲನೆಯ ಚೌಕಟ್ಟು ಇತ್ತೀಚೆಗೆ ಕಿರಿದಾಗಿದೆ. 2023ರ ಕಾನೂನು ಪ್ರಾಥಮಿಕ ಅಧ್ಯಯನಕ್ಕೆ 75 ಪುಟ, ಒಂದು ವರ್ಷ. ವಿಸ್ತೃತ ವರದಿಗೆ ಸಾಮಾನ್ಯವಾಗಿ 150 ಪುಟ, ಎರಡು ವರ್ಷ ಎಂಬ ಮಿತಿ ಹೇರಿತು. 2025ರಲ್ಲಿ ಎಲ್ಲ ಇಲಾಖೆಗಳಿಗೂ ಸಮಾನವಾಗಿದ್ದ ಹಳೆಯ ನಿಯಮಾವಳಿ ರದ್ದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಯೂಟಾ ರಾಜ್ಯದ ರೈಲು ಮಾರ್ಗದ ಪ್ರಕರಣದಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಅಧ್ಯಯನ ಎಷ್ಟು ವಿಸ್ತಾರವಾಗಿರಬೇಕೆಂಬ ವಿಷಯದಲ್ಲಿ ನ್ಯಾಯಾಲಯಗಳು ಇಲಾಖೆಯ ವಿವೇಚನೆಗೆ ಹೆಚ್ಚಿನ ಮನ್ನಣೆ ನೀಡಬೇಕೆಂದಿತು. ಕೊರೆತಕ್ಕೆ ಸಿಕ್ಕಿ ಮುಂದಿನ ಚಂಡಮಾರುತಕ್ಕೆ ಮುನ್ನವೇ ಮರಳು ಬೇಕೆಂದು ಕಾದಿರುವ ಪಟ್ಟಣಗಳಿಗೆ ಈ ವೇಗ ಅನುಕೂಲಕರ. ಆದರೆ ಆಮೆ ಮತ್ತು ತಿಮಿಂಗಿಲಗಳಿಗೆ ಸಂಬಂಧಿಸಿದ 1973ರ ಕಾಯ್ದೆ ಬೇರೆಯದೇ ಆದುದರಿಂದ, ಪುಟಗಳ ಮಿತಿಯೇನೇ ಇದ್ದರೂ ಅದರಡಿಯ ಸಮಾಲೋಚನೆಯನ್ನು ಮುಗಿಸದೆ ಹಡಗು ಕೊಳವೆ ಇಳಿಸುವಂತಿಲ್ಲ.