ತುಘಲಕನ ಸಿಂಹಾಸನ

ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ಅಧಿಕಾರದ ಕುರಿತ ಕನ್ನಡದ ಬಹುಚರ್ಚಿತ ದುರಂತ ನಾಟಕ. ಇದರಲ್ಲಿ ಬರುವ ದೆಹಲಿ ಸುಲ್ತಾನ ಗಾದೆಮಾತಿನ ಹುಚ್ಚು ದೊರೆಯಲ್ಲ. ಪಂಡಿತ, ಚದುರಂಗದಲ್ಲಿ ನಿಪುಣ, ಕನಸುಗಾರ. ಮೊದಲ ದೃಶ್ಯದಲ್ಲೇ ಬಡ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೆ ದಾವೆ ಹೂಡಿ ಗೆಲ್ಲುತ್ತಾನೆ, ದೊರೆ ತೀರ್ಪಿಗೆ ತಲೆಬಾಗುತ್ತಾನೆ. ಆದರೆ ಗೆದ್ದವನು ಬ್ರಾಹ್ಮಣನೇ ಅಲ್ಲ, ವೇಷ ಹಾಕಿದ ಅಗಸ ಅಜೀಜ್! ನ್ಯಾಯದ ಕನಸು ಮೊದಲ ದಿನವೇ ಮೋಸಗಾರನ ಬಂಡವಾಳವಾಗುತ್ತದೆ.

ಆಮೇಲಿನದು ಜಾರುದಾರಿ. ರಾಜಧಾನಿ ದೌಲತಾಬಾದಿಗೆ ಹೊರಡುತ್ತದೆ, ತಾಮ್ರದ ನಾಣ್ಯ ಚಲಾವಣೆಗೆ ಬರುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲೇ ಅಮೀರರು ಕೊಲೆಗೆ ಹೊಂಚುತ್ತಾರೆ. ಸುಲ್ತಾನ ಸಂಚುಗಾರರಲ್ಲೊಬ್ಬನಾದ ಶಿಹಾಬುದ್ದೀನನನ್ನು ತಾನೇ ಇರಿದು, ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಅವನ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ಮ್ಯಾಕ್‌ಬೆತ್ ಸಿಂಹಾಸನಕ್ಕಾಗಿ ಕೊಂದರೆ, ಇವನು ಆದರ್ಶಕ್ಕಾಗಿ ಕೊಲ್ಲುತ್ತಿದ್ದೇನೆಂದು ನಂಬಿರುತ್ತಾನೆ. ಅದೇ ಹೆಚ್ಚು ಭಯಾನಕ.

ನೆಹರೂ ಯುಗದ ಭ್ರಮನಿರಸನವನ್ನು ಹಲವರು ಇದರಲ್ಲಿ ಕಂಡರು. ಕನ್ನಡ ರಂಗದಲ್ಲಿ ನಟ ಸಿ.ಆರ್. ಸಿಂಹ ತುಘಲಕನ ಪಾತ್ರದಿಂದಲೇ ಹೆಸರಾದರು. ದೆಹಲಿಯಲ್ಲಿ ನಿರ್ದೇಶಕ ಇಬ್ರಾಹಿಂ ಅಲ್ಕಾಜಿ ಇದನ್ನು ಪುರಾನಾ ಕಿಲಾದ ಬಯಲಿಗೆ ಒಯ್ದರು.

ನಾಟಕದ ಕೊನೆಗೆ ಅಜೀಜ್‌ಗೆ ಶಿಕ್ಷೆಯಿಲ್ಲ, ದಖ್ಖನ್ನಿನಲ್ಲಿ ಹುದ್ದೆ! ಸುಲ್ತಾನ ಸಿಂಹಾಸನದಲ್ಲೇ ನಿದ್ದೆಹೋಗುತ್ತಾನೆ. ಮತ್ತೆ ಮೊಳಗಿದ ಬಾಂಗಿನ ಕೂಗಿಗೆ ಎಚ್ಚೆತ್ತು ಸುತ್ತ ನೋಡುತ್ತಾನೆ, ಎಲ್ಲಿದ್ದೇನೆಂದು ತಿಳಿಯದವನಂತೆ.