ಕಾಳಿಂಗರಾಯರ ಗಂಟಲಿಗೆ ಬಂದ ಕವಿತೆ

ಕನ್ನಡದ ಕವಿತೆ ಇವತ್ತು ಮದುವೆಮನೆಯ ಮೈಕಿನಲ್ಲೂ ಕೇಳುತ್ತೆ. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಮೊದಲು ಹೇಳಬೇಕಾದ ಹೆಸರು ಗಾಯಕ ಪಿ. ಕಾಳಿಂಗರಾವ್ ಅವರದು.

1914ರಲ್ಲಿ ಹುಟ್ಟಿದ್ದು ಉಡುಪಿ ಸೀಮೆಯ ಆರೂರಿನಲ್ಲಿ. ಹುಡುಗನಿದ್ದಾಗಲೇ ನಾಟಕ ಕಂಪನಿ ಸೇರಿದರು. ಆಮೇಲೆ ಸಿನಿಮಾಕ್ಕೂ ಸಂಗೀತ ಕೊಟ್ಟರು. ಆದರೆ ಜನ ಮುಗಿಬಿದ್ದದ್ದು ಅವರ ಭಾವಗೀತೆ, ಜನಪದ ಗೀತೆಗಳಿಗೆ. ವೇದಿಕೆಯಲ್ಲಿ ಜೊತೆಗೆ ಹಾಡುತ್ತಿದ್ದವರು ಸೋಹನ್ ಕುಮಾರಿ, ಮೋಹನ್ ಕುಮಾರಿ.

ಶಾಸ್ತ್ರೀಯ ಸಂಗೀತ ಚೆನ್ನಾಗಿಯೇ ಬರುತ್ತಿತ್ತು. ಆದರೂ ಪಾಂಡಿತ್ಯ ತೋರಿಸಲು ಕವಿಯ ಮಾತನ್ನು ಎಳೆದಾಡಿದವರಲ್ಲ, ಒಂದೊಂದು ಪದವೂ ಸ್ಪಷ್ಟ. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಇವರ ದನಿಯಲ್ಲಿ ಕೇಳಬೇಕು! ಆ ಪದಗಳನ್ನು ಹಾಡುವ ಕುಡುಕ ರತ್ನನ ಠೇಂಕಾರ, ತುಂಟತನ, ಕನ್ನಡದ ಮೇಲಿನ ಹುಚ್ಚು, ಎಲ್ಲ ಒಂದೇ ಗಂಟಲಲ್ಲಿ. ಪುಸ್ತಕ ಮುಟ್ಟದವರಿಗೂ ರತ್ನ ಪರಿಚಯವಾದ. ನನ್ನ ಕೇಳಿದರೆ, ಇದರಲ್ಲಿ ಅವರನ್ನು ಮೀರಿಸಿದವರು ಇನ್ನೂ ಬಂದಿಲ್ಲ. (ಜಗಳಕ್ಕೆ ಕಾಮೆಂಟ್ ಬಾಕ್ಸ್ ತೆರೆದಿದೆ.)

ಕವಿತೆಗಳನ್ನು ಹಾಡಿದ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮನೆಮಾತಾದದ್ದು ರಾಯರ ನಂತರವೇ.

ರಾಯರು 1981ರಲ್ಲಿ ತೀರಿಕೊಂಡರು. ಹಳೆಯ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿವೆ. ಗರಗರ ಸದ್ದಿದ್ದರೂ ಪರವಾಗಿಲ್ಲ, ಇಯರ್‌ಫೋನ್ ಹಾಕಿಕೊಂಡು ಒಂದು ಹಾಡನ್ನಾದರೂ ಪೂರ್ತಿ ಕೇಳಿ. ಯಾವ ಹಾಡು ಕೇಳಿದಿರಿ, ಬರೆದು ತಿಳಿಸಿ.