ಊರಿಗೇ ಬರುವ ದವಾಖಾನೆ



ಅದು ಭತ್ತದ ನಾಟಿಯ ಕಾಲ. ಸಿರುಗುಪ್ಪ ಕಡೆಯ ಒಂದು ಊರು. ರಾತ್ರಿ ಪಾಠಕ್ಕೆ ಬಂದ ಒಬ್ಬ ಅಕ್ಕ ಚಾಪೆಯ ಮೇಲೆ ಕೂಡಲಾರದೆ ಕೂತಿದ್ದರು. ಪಾಠ ಮುಗಿಯಿತು. ಎಲ್ಲರೂ ಮನೆಗೆ ಹೋದರು. ಆ ಅಕ್ಕ ಮಾತ್ರ ಸ್ಲೇಟು ಒರೆಸುತ್ತ ನಿಂತರು.

"ಟೀಚರ್, ಒಂದು ಮಾತು. ಯಾರ ಮುಂದೂ ಹೇಳಬ್ಯಾಡ್ರಿ."

"ಇಲ್ಲ ಅಕ್ಕಾ, ಹೇಳ್ರಿ."

"ಬಿಳಿ ಸೆರಗು ಭಾಳ ಹೋಗ್ತೈತ್ರಿ. ವಾಸನಿ ಬರ್ತೈತಿ. ಮೂತ್ರಕ್ಕೆ ಹೋದ್ರ ಉರೀತೈತಿ. ಮೂರು ತಿಂಗಳಾತು."

"ದವಾಖಾನಿಗೆ ಯಾಕ ಹೋಗಿಲ್ಲ? ಬಸ್ಸಿಗೆ ದುಡ್ಡು ಬೇಡಲ್ಲ ಈಗ."

"ಬಸ್ಸಿಗೆ ಬ್ಯಾಡ್ರಿ. ಕೂಲಿ ಹೋಗ್ತೈತಲ್ಲ? ಬಳ್ಳಾರಿಗೆ ಹೋಗಿ ಬರಾಕ ಇಡೀ ದಿನ ಬೇಕು. ಊರಾಗ ತೋರಿಸಿದ್ರ ಊರಿಗೆಲ್ಲಾ ಗೊತ್ತಾಗ್ತೈತಿ."

ಅಕ್ಕ ಹೇಳಿದ್ದು ಸುಳ್ಳಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಹಳ್ಳಿಯಿಂದ ಸಿರುಗುಪ್ಪಕ್ಕೆ ಬರುವುದೇ ಒಂದು ಕೆಲಸ. ಕುರುಗೋಡು ಹತ್ತಿರ ಇದ್ದರೂ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ದೂರ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ನಡುವೆ ಸಿಕ್ಕು ರೋಗ ಬೆಳೆಯುತ್ತದೆ.

ಹಾಗಾದರೆ ದವಾಖಾನೆಯೇ ಊರಿಗೆ ಬಂದರೆ? ಅದಕ್ಕೇ ಸಂಚಾರಿ ದವಾಖಾನೆ ಅನ್ನುತ್ತಾರೆ. ಒಂದು ಗಾಡಿ. ಒಳಗೆ ಪರದೆ, ಮಲಗಿಸಿ ನೋಡಲು ಹಾಸಿಗೆ, ರಕ್ತ ಪರೀಕ್ಷೆಯ ಸಾಮಾನು, ಔಷಧಿ. ಜೊತೆಗೆ ಡಾಕ್ಟರು, ನರ್ಸಮ್ಮ, ಮಾತಾಡಿಸಿ ತಿಳಿಹೇಳುವ ಒಬ್ಬ ಆಪ್ತ ಸಲಹೆಗಾರ್ತಿ.

ನಮ್ಮ ಬಳ್ಳಾರಿ ಜಿಲ್ಲೆಗೆ ಈ ವಿಚಾರ ಹೊಸದಲ್ಲ. 2003ರಲ್ಲಿ ಆವಾಹನ್ ಎಂಬ ಎಚ್‌ಐವಿ ತಡೆಯುವ ಯೋಜನೆ ಶುರುವಾಯಿತು. ಗೇಟ್ಸ್ ಪ್ರತಿಷ್ಠಾನ ಹಣ ಕೊಟ್ಟಿತು. ನಮ್ಮ ಭಾಗದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಅದನ್ನು ನಡೆಸಿತು. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳಿಗಾಗಿ ಈ ಕೆಲಸ. ಅವರಿಗೂ ಇದೇ ಕಷ್ಟ ಇತ್ತು, ನಮಗಿಂತ ಹೆಚ್ಚೇ ಇತ್ತು. ದವಾಖಾನೆಗೆ ಹೋದರೆ ಮುಖ ನೋಡಿ ಮಾತಾಡಿಸುವವರಿಲ್ಲ ಎಂಬ ಭಯ. ಅದಕ್ಕೇ ಒಂದೇ ಕಡೆ ದವಾಖಾನೆ ತೆರೆದು ಕೂತರೆ ಸಾಲದೆಂದು ಶಿಬಿರ, ಸಂಚಾರಿ ದವಾಖಾನೆಗಳನ್ನೂ ಸೇರಿಸಿಕೊಂಡರು. ಅದೇ ವೃತ್ತಿಯ ಹೆಣ್ಣುಮಕ್ಕಳೇ ಕಾರ್ಯಕರ್ತೆಯರಾಗಿ ಗೆಳತಿಯರನ್ನು ಕರೆತಂದರು. ಮುಂದೆ ಆ ಕೆಲಸವನ್ನು ಹಂತಹಂತವಾಗಿ ಸರ್ಕಾರಕ್ಕೆ ಒಪ್ಪಿಸಲಾಯಿತು. ಬರುವವರಿಗೆ ಅನುಕೂಲವಾದ ಹೊತ್ತು, ಅನುಕೂಲವಾದ ಜಾಗ ನೋಡಬೇಕು ಅನ್ನುವುದನ್ನು ನಾನು ಈ ಕೆಲಸದಿಂದಲೇ ತಿಳಿದುಕೊಂಡೆ. ನಾಟಿಯ ಕಾಲದಲ್ಲಿ ಬೆಳಿಗ್ಗೆ 11ಕ್ಕೆ ಬರುವ ಗಾಡಿಗೆ ಮುದುಕಿಯರಷ್ಟೇ ಸಿಗುತ್ತಾರೆ!

ಈಗ ರೋಗದ ಮಾತು. ಎಲ್ಲ ಬಿಳಿ ಸೆರಗೂ ರೋಗವಲ್ಲ. ಮುಟ್ಟಿನ ಮುಂಚೆ, ಬಸುರಿಯಲ್ಲಿ ಸ್ವಲ್ಪ ಹೋಗುವುದು ಸಹಜ. ಕೆಟ್ಟ ವಾಸನೆ, ತುರಿಕೆ, ಮೊಸರಿನಂತೆ ಗಟ್ಟಿ, ಹಳದಿ ಅಥವಾ ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಹುಣ್ಣು, ಮೂತ್ರ ಉರಿ, ಇವುಗಳಲ್ಲಿ ಒಂದು ಇದ್ದರೂ ತೋರಿಸಬೇಕು. ಇನ್ನೊಂದು ಮಾತು. ಬಿಳಿ ಸೆರಗು ಹೋದ ಕೂಡಲೇ ಗಂಡನ ಮೇಲಾಗಲಿ, ಹೆಂಡತಿಯ ಮೇಲಾಗಲಿ ಅನುಮಾನ ಪಡಬೇಡಿ. ಕೆಲವು ಸೋಂಕು ಗಂಡ ಹೆಂಡತಿ ಕೂಡದಿದ್ದರೂ ಬರುತ್ತವೆ. ಕೆಲವು ಮಾತ್ರ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ಯಾವುದು ಎಂದು ನೋಡುವುದು ಡಾಕ್ಟರ ಕೆಲಸ.

ಕೆಲವು ರೋಗಕ್ಕೆ ಲಕ್ಷಣವೇ ಇರುವುದಿಲ್ಲ. ಸುಮ್ಮನೆ ಬಿಟ್ಟರೆ ಗರ್ಭನಾಳ ಕೆಡಬಹುದು, ಮುಂದೆ ಮಕ್ಕಳಾಗದಿರಬಹುದು. ಹುಣ್ಣಿದ್ದರೆ ಎಚ್‌ಐವಿ ಸುಲಭವಾಗಿ ಅಂಟುತ್ತದೆ. ಬಸುರಿಗೆ ಸಿಫಿಲಿಸ್ ಇದ್ದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು. ಬಸುರಿಯಲ್ಲೇ ಗೊತ್ತಾದರೆ ಪೆನ್ಸಿಲಿನ್ ಸೂಜಿಯಿಂದ ಗುಣವಾಗುತ್ತದೆ. ಎಚ್‌ಐವಿ ಇದ್ದರೂ ಗುಳಿಗೆ ತಪ್ಪದೆ ತಿಂದರೆ ಕೂಸಿಗೆ ಬರದಂತೆ ಬಹಳ ಮಟ್ಟಿಗೆ ತಡೆಯಬಹುದು. ಅದಕ್ಕೇ ಬಸುರಿಯರಿಗೆ ಈ ಎರಡೂ ರಕ್ತ ಪರೀಕ್ಷೆ ಮಾಡುತ್ತಾರೆ.

ಸರ್ಕಾರದ ಔಷಧಿ ಬಣ್ಣದ ಪೊಟ್ಟಣದಲ್ಲಿ ಬರುತ್ತದೆ. ಬಿಳಿ ಸೆರಗಿಗೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಪಕ್ಕದ ಮನೆಯವರ ಪೊಟ್ಟಣ ನಮಗಾಗದು. ಎರಡು ದಿನಕ್ಕೆ ಹಗುರ ಅನ್ನಿಸಿದರೂ ಪೂರ್ತಿ ತಿನ್ನಬೇಕು. ಡಾಕ್ಟರು ಗಂಡನಿಗೂ ಔಷಧಿ ಬೇಕೆಂದರೆ ಅವರೂ ತಿನ್ನಬೇಕು. ಇಲ್ಲದಿದ್ದರೆ ಹೋದ ರೋಗ ತಿರುಗಿ ಬರುತ್ತದೆ. ಗುಣವಾಗುವ ತನಕ ಕೂಡಬಾರದು, ಇಲ್ಲವೇ ನಿರೋಧ್ ಬಳಸಬೇಕು.

ಗಾಡಿಯಲ್ಲಿ ಎಲ್ಲವೂ ಆಗುವುದಿಲ್ಲ. ಹೆಚ್ಚಿನ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಗೋ ಬಳ್ಳಾರಿಗೋ ಚೀಟಿ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಈಗ ನೀವೇ ಓದಬಹುದು, ದಿನಾಂಕವನ್ನೂ ಓದಬಹುದು. ರಕ್ತ ತೆಗೆಯುವ ಮುಂಚೆ ನಿಮ್ಮನ್ನು ಕೇಳಬೇಕು. ಎಚ್‌ಐವಿ ಇದ್ದರೆ ಯಾರಿಗೂ ಹೇಳಬಾರದು. 2017ರ ಕಾನೂನು ಹಾಗೆ ಹೇಳುತ್ತದೆ. ಅನುಮಾನ ಇದ್ದರೆ 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ.

ನನಗೊಂದು ಅನಿಸಿಕೆ ಇದೆ. ಗಾಡಿಯ ಮೇಲೆ "ಗುಪ್ತರೋಗ" ಎಂದು ದೊಡ್ಡದಾಗಿ ಬರೆದರೆ ಯಾರೂ ಹತ್ತಿರ ಬರುವುದಿಲ್ಲ. ಬಿಪಿ, ಸಕ್ಕರೆ, ಮಕ್ಕಳ ಕೆಮ್ಮು, ಎಲ್ಲವನ್ನೂ ನೋಡುವ ಗಾಡಿಯಾದರೆ ಯಾರು ಯಾತಕ್ಕೆ ಬಂದರು ಎಂದು ಗೊತ್ತಾಗುವುದಿಲ್ಲ. ಬರುವ ದಿನವೂ ತಪ್ಪಬಾರದು. ಎರಡು ಸಲ ಕಾದು ಗಾಡಿ ಬರದಿದ್ದರೆ ಮೂರನೇ ಸಲ ಯಾರೂ ಕಾಯುವುದಿಲ್ಲ. ನಿಮ್ಮ ಊರಿಗೆ ಗಾಡಿ ಬರುತ್ತದೋ, ಯಾವ ದಿನ ಬರುತ್ತದೋ ಆಶಾ ಕಾರ್ಯಕರ್ತೆಯನ್ನು ಕೇಳಿ. ಬರದಿದ್ದರೆ ಪಂಚಾಯಿತಿಯಲ್ಲಿ ಸಂಘದವರೆಲ್ಲ ಸೇರಿ ಕೇಳಿ.

ಆ ಅಕ್ಕನ ಊರಿಗೆ ಹದಿನೈದು ದಿನಕ್ಕೊಮ್ಮೆ ಗಾಡಿ ಬರುತ್ತಿತ್ತು. ನಾನೂ ಜೊತೆಗೆ ಹೋದೆ. ಪರದೆಯ ಹಿಂದೆ ನರ್ಸಮ್ಮ ನೋಡಿದರು, ಪೊಟ್ಟಣ ಕೊಟ್ಟರು. ಗಂಡನೂ ಬರಬೇಕು ಅಂದರು. ಗಂಡ ಒಪ್ಪಲಿಲ್ಲ. "ನನಗೇನಾಗೈತಿ?" ಅಂತ ಜಗಳ. ಮುಂದಿನ ಸಲ ಗಾಡಿ ಬಂದಾಗ ನೋಡಿದರೆ ಅವರೇ ಸಾಲಿನಲ್ಲಿ ನಿಂತಿದ್ದರು. ಪಕ್ಕದವರು ಕೇಳಿದ್ದಕ್ಕೆ, "ಬಿಪಿ ತೋರಿಸಾಕ ಬಂದೀನಿ" ಅಂದರಂತೆ.